ಬೋಲ್ಟಿಗೆ ಮರ್ಯಾದೆಯ ಸುತ್ತು

ನನ್ನ ಭಾವನಿಗೆ ಡೊಂಬಿವಲಿಯಲ್ಲಿ ಸ್ವಂತದ್ದೊಂದು ಕೋಣೆ ಇದೆ. ಅದಕ್ಕೆ ನಾಲ್ಕು ಚಕ್ರ, ಒಂದು ಹಾರ್ನು. ನೋಡಿದವರು ಅದನ್ನು ಕಾರು ಅನ್ನುತ್ತಾರೆ, ಆರ್‌ಟಿಓ ಕಾಗದದಲ್ಲೂ ಹಾಗೆಯೇ ಇದೆ. ಆದರೆ ಅದು ಕೋಣೆ ಎಂಬುದು ಭಾವನ ಫ್ಲ್ಯಾಟಿನಲ್ಲಿ ಒಂದು ಮಧ್ಯಾಹ್ನ ಕಳೆದು ಬಂದವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಕಲ್ಯಾಣದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಸವೆಸಿ ಈಗ ಮನೆಯಲ್ಲಿದ್ದಾರೆ. ಮನೆಯಲ್ಲಿದ್ದಾರೆ ಅನ್ನುವುದು ಬಾಯಿಮಾತಿಗೆ. ಮನೆಯಲ್ಲಿ ಅವರಿಗೆ ಜಾಗ ಎಲ್ಲಿದೆ? ಇರುವುದು ಒಂದು ಬೆಡ್‌ರೂಮ್, ಒಂದು ಹಾಲ್, ಒಂದು ಕಿಚನ್. ಬೆಡ್‌ರೂಮಿನಲ್ಲಿ ಮಗ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿರುತ್ತಾನೆ. ಹಾಲ್‌ನಲ್ಲಿ ಸೊಸೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇನ್ನೊಂದು ಲ್ಯಾಪ್‌ಟಾಪಿಗೆ ಸಮಾಧಾನ ಹೇಳುತ್ತಿರುತ್ತಾಳೆ. ಕಿಚನ್ನಿನಲ್ಲಿ ಅಕ್ಕನ ಕುಕ್ಕರ್ ಕೂಗಿದರೆ ಇಬ್ಬರೂ ತುಟಿಗೆ ಬೆರಳಿಡುತ್ತಾರೆ. ಭಾವ ಕೆಮ್ಮಿದರೆ ಅದು ಮೀಟಿಂಗಿನಲ್ಲಿ ಸಿಂಗಪುರದವರೆಗೆ ಕೇಳಿಸುತ್ತದಂತೆ.

ಹಾಗಾಗಿ ಭಾವ ತಿಂಡಿ ಮುಗಿಸಿ ಕೆಳಗಿಳಿಯುತ್ತಾರೆ. ಪಾರ್ಕಿಂಗಿನ ಮೂಲೆಯಲ್ಲಿ ಅವರ ಹಳೆಯ ಕಾರು. ಅದರ ಹಿಂದಿನ ಸೀಟಿನಲ್ಲಿ ಒಂದು ದಿಂಬು, ಒಂದು ಸಣ್ಣ ಫ್ಯಾನು, ಚಕ್ಕುಲಿಯ ಡಬ್ಬ, ಪೇಪರು. ಊಟದ ಹೊತ್ತಿಗೆ ಮೇಲೆ ಹೋಗುತ್ತಾರೆ, ಉಂಡು ಮತ್ತೆ ಇಳಿಯುತ್ತಾರೆ. ಅಲ್ಲಿ ಕೆಮ್ಮಬಹುದು. ಊರಿಗೆ ಫೋನ್ ಮಾಡಿ ತುಳುವಿನಲ್ಲಿ ಗಟ್ಟಿಯಾಗಿ ಮಾತಾಡಬಹುದು. ಬಾಯಿ ತೆರೆದು ನಿದ್ದೆ ಮಾಡಬಹುದು.

ಕಾರು ಯಾವುದೆಂದು ಕೇಳಬೇಡಿ. ಇಂಜಿನ್ ಹಿಂದೆ, ಡಿಕ್ಕಿ ಮುಂದೆ, ಬೆನ್ನು ಗುಂಡಗೆ. ತಿರುಗಿಸಿ ಜೋಡಿಸಿದ್ದಾರೇನೋ ಎಂದು ಹೊಸಬರಿಗೆ ಅನುಮಾನ ಬರುವಂಥದ್ದು. ಹೋಟೆಲ್ ಮುಚ್ಚಿದಾಗ ಯಜಮಾನರು ಪ್ರೀತಿಯಿಂದ ಕೊಟ್ಟದ್ದು ಎಂದು ಭಾವ ಹೇಳುತ್ತಾರೆ. ಎಳೆದು ಭಂಗಾರ್ ಅಂಗಡಿಗೆ, ಅಂದರೆ ಗುಜರಿಗೆ, ಸಾಗಿಸುವ ಕಷ್ಟ ತಪ್ಪಿಸಿಕೊಂಡದ್ದು ಎಂದು ನಾನು ಹೇಳುತ್ತೇನೆ. ಎರಡೂ ನಿಜವಿರಬಹುದು.

ಇಲ್ಲಿ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ. ನಾನು ಈ ಊರಿಗೆ ಬಂದು ಟೇಬಲ್ ಒರೆಸುವುದರಿಂದ ಶುರುಮಾಡಿ ಈಗ ಅಂಬರನಾಥದ ಕಾರ್ಖಾನೆಗಳಿಗೆ ಊಟ ಕಳಿಸುವವನು. ಚೌಕಾಸಿ ಮಾಡದೆ ಕೊತ್ತಂಬರಿ ಸೊಪ್ಪನ್ನೂ ಮನೆಗೆ ತಂದವನಲ್ಲ. ಡೊಂಬಿವಲಿಯಲ್ಲಿ ಫ್ಲ್ಯಾಟು ನೋಡಲು ಹೊರಟವರು ಫ್ಲ್ಯಾಟನ್ನು ಆಮೇಲೆ ನೋಡಿ. ಮೊದಲು ಪಾರ್ಕಿಂಗ್ ನೋಡಿ, ಅದಕ್ಕೂ ಮೊದಲು ಸೊಸೈಟಿಯ ಚೇರ್‌ಮನ್ ಎಂಥವನು ನೋಡಿ. ಬಿಲ್ಡರ್ ತೋರಿಸುವ ಮಾರ್ಬಲ್ಲು ಅಲ್ಲೇ ಇರುತ್ತದೆ, ಎಲ್ಲೂ ಓಡಿಹೋಗುವುದಿಲ್ಲ.

ಈಗ ಭಾವನ ಮನೆಯ ಆಯುಧಪೂಜೆಯ ವಿಷಯ. ಆ ದಿನ ಇಡೀ ಮುಂಬೈಯಲ್ಲಿ ವಾಹನಗಳಿಗೆ ಚೆಂಡುಹೂವಿನ ಮಾಲೆ ಬೀಳುತ್ತದೆ, ಚಕ್ರದಡಿಗೆ ಲಿಂಬೆಹಣ್ಣು. ಭಾವನದ್ದು ಅಷ್ಟಕ್ಕೆ ಮುಗಿಯುವ ಪೂಜೆಯಲ್ಲ. ಅಂದು ಅವರು ಸ್ವತಃ ಕಾರಿನ ಹಳೆಯ ಆಯಿಲ್ ಇಳಿಸಿ ಹೊಸದು ಹಾಕುತ್ತಾರೆ. ಇಂಜಿನ್ ಕೇಸಿನ ತಳದಲ್ಲಿ ಒಂದು ಬೋಲ್ಟು ಇದೆ, ಅದನ್ನು ಬಿಚ್ಚಿದರೆ ಆಯಿಲ್ ಇಳಿಯುತ್ತದೆ. ಇಳಿದ ಮೇಲೆ ಬೋಲ್ಟು ಹಾಕಿ ಬಿಗಿಯಬೇಕು. ಇದು ಒಬ್ಬ ಮನುಷ್ಯ ಒಂದು ಕೈಯಲ್ಲಿ ಮಾಡಿ ಮುಗಿಸುವ ಕೆಲಸ. ಆದರೆ ನಮ್ಮವರಿಗೆ ಯಾವ ಕೆಲಸವನ್ನೂ ಒಬ್ಬನೇ ಮಾಡಿದರೆ ಅದು ಶುಭಕಾರ್ಯ ಅನ್ನಿಸುವುದಿಲ್ಲವಲ್ಲ. ಹೋಮಕ್ಕೆ ಎಲ್ಲರೂ ಒಂದೊಂದು ಚಮಚ ತುಪ್ಪ ಹಾಕುವ ಹಾಗೆ, ಪೂಜೆಗೆ ಬಂದ ಗಂಡಸರೆಲ್ಲ ಆ ಬೋಲ್ಟಿಗೆ ಒಂದೊಂದು ಸುತ್ತು ಕೊಡಬೇಕು.

"ಬನ್ನಿ ಬನ್ನಿ, ಒಂದು ಸುತ್ತು ನಿಮ್ಮದೂ ಇರಲಿ," ಎಂದು ಭಾವ ಸ್ಪ್ಯಾನರ್‌ಗೆ ಕುಂಕುಮ ಹಚ್ಚಿ ಕೈಗೆ ಕೊಡುತ್ತಾರೆ.

ಬಂದವರು ಪಂಚೆ ಎತ್ತಿಕಟ್ಟಿ, ಹಾಸಿದ ಗೋಣಿಯ ಮೇಲೆ ಬೆನ್ನು ಕೊಟ್ಟು, ಕಾರಿನಡಿ ತಲೆ ತೂರಿಸುತ್ತಾರೆ. ಒಬ್ಬನು ಕೊಟ್ಟ ಸುತ್ತಿಗಿಂತ ಇನ್ನೊಬ್ಬನದು ಸ್ವಲ್ಪ ಜಾಸ್ತಿಯೇ ಇರಬೇಕು. ಕಮ್ಮಿ ಕೊಟ್ಟರೆ ಸಂಬಂಧ ಕಮ್ಮಿಯಾಯಿತು ಎಂದರ್ಥ. ಬೋಲ್ಟು ಉಕ್ಕಿನದು. ಕೇಸು ಅಲ್ಯೂಮಿನಿಯಮ್ಮು, ಪಾಪದ್ದು. ವರ್ಷವರ್ಷವೂ ಈ ಪ್ರೀತಿಯನ್ನು ಅದು ತಡೆದುಕೊಂಡು ಬಂದಿತ್ತು. ನಾನು ಮಾತ್ರ ಸ್ಪ್ಯಾನರನ್ನು ಕಣ್ಣಿಗೊತ್ತಿಕೊಂಡು ಮುಂದಿನವನಿಗೆ ಕೊಟ್ಟುಬಿಡುತ್ತಿದ್ದೆ. "ಭಾವ, ಇದು ಬೋಲ್ಟು, ಕೈ ಕುಲುಕುವುದಲ್ಲ" ಎಂದು ಹೇಳಿಯೂ ಇದ್ದೆ. "ನಿನಗೆ ಎಲ್ಲದರಲ್ಲೂ ಲೆಕ್ಕಾಚಾರ ಮಾರಾಯ" ಎಂಬ ಉತ್ತರ ಬಂದಿತ್ತು.

ಆ ವರ್ಷ ಭಾವ ಹೊಸದಾಗಿ ಆರಿಸಿ ಬಂದ ಚೇರ್‌ಮನ್ ಸಾಹೇಬರನ್ನು ಮುಖ್ಯ ಅತಿಥಿಯಾಗಿ ಕರೆದರು. ಚೇರ್‌ಮನ್ ಮರಾಠಿಯವರು, ಭಾವನ ವಯಸ್ಸಿನವರೇ, ಯಾವುದೋ ಕಚೇರಿಯಿಂದ ನಿವೃತ್ತರಾದರೂ ಸಹಿ ಹಾಕುವ ಚಟದಿಂದ ನಿವೃತ್ತರಾಗದವರು. ಎಲ್ಲರ ಸುತ್ತು ಮುಗಿದ ಮೇಲೆ ಕೊನೆಯ ಸುತ್ತಿನ ಗೌರವ ಅವರದು. ಬಿಳಿ ಅಂಗಿಯಲ್ಲಿ ಕಾರಿನಡಿ ಹೋದರು. ಒಂದು ಸುತ್ತು ಕೊಟ್ಟರು. ಸುಲಭವಾಗಿ ತಿರುಗಿತು. ಇನ್ನೊಂದು ಕೊಟ್ಟರು. ಅದೂ ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ತಿರುಗಿತು.

"ಬರೋಬರ್ ಬಸ್ಲಾ ಅಣ್ಣಾ," ಸರಿಯಾಗಿ ಕೂತಿತು ಎಂದು ಘೋಷಿಸಿ ಹೊರಬಂದರು. ಚಪ್ಪಾಳೆ ಬಿತ್ತು.

ಭಾವ ಹೊಸ ಆಯಿಲ್ ಸುರಿದರು, ಕುಂಬಳಕಾಯಿ ಒಡೆದರು, ಕಾರು ಸ್ಟಾರ್ಟ್ ಮಾಡಿದರು. ಇಂಜಿನ್ ಒಂದೆರಡು ಸಲ ಕೆಮ್ಮಿ ಹಿಡಿದುಕೊಂಡಿತು. ಬೋಲ್ಟು ಟಣ್ಣೆಂದು ನೆಲಕ್ಕೆ ಬಿತ್ತು. ಹೊಸ ಆಯಿಲ್ ಧಾರೆಯಾಗಿ ಇಳಿದು, ಚೆಂಡುಹೂವಿನ ಎಸಳುಗಳನ್ನೂ ಕುಂಬಳಕಾಯಿಯ ಕುಂಕುಮವನ್ನೂ ತೇಲಿಸಿಕೊಂಡು, ಇಳಿಜಾರಿನಲ್ಲಿ ನಿಧಾನಕ್ಕೆ ಹರಿದು ಚೇರ್‌ಮನ್ನರ ಹೊಸ ಕಾರಿನ ಕೆಳಗೆ ಹೋಗಿ ನಿಂತಿತು.

ಬೋಲ್ಟನ್ನು ಹಿಡಿದಿಡುವ ಥ್ರೆಡ್ ಪೂರಾ ಹೋಗಿತ್ತು. ಬೆರಳಿಟ್ಟು ನೋಡಿದೆ. ತೂತಿನೊಳಗೆ ಗೆರೆ ಅನ್ನುವುದೇ ಇಲ್ಲ, ಕೊಡದ ಬಾಯಿಯ ಹಾಗೆ ನುಣ್ಣಗಿತ್ತು. ಬೋಲ್ಟಿನ ಸುತ್ತ ಅಲ್ಯೂಮಿನಿಯಮ್ಮಿನ ಒಂದು ಸುರುಳಿ ಸುತ್ತಿಕೊಂಡು ಬಂದಿತ್ತು.

ಮೂರನೆಯ ದಿನಕ್ಕೆ ಬೋರ್ಡಿನಲ್ಲಿ ನೋಟಿಸು ಬಂತು. ಸೊಸೈಟಿಯ ಆವರಣದಲ್ಲಿ ಎಣ್ಣೆ ಸೋರಿಸುವ, ಸ್ವಂತ ಬಲದಿಂದ ಚಲಿಸಲಾರದ ವಾಹನಗಳನ್ನು ಭಂಗಾರ್ ಎಂದು ಪರಿಗಣಿಸಲಾಗುವುದು. ದೀಪಾವಳಿ ಕಳೆದ ಮೊದಲ ಭಾನುವಾರ ಕಮಿಟಿಯ ಎದುರು ವಾಹನವು ಗೇಟು ದಾಟಿ ಹೋಗಿ ಒಂದು ಸುತ್ತು ಹಾಕಿ ವಾಪಸ್ಸು ಬರತಕ್ಕದ್ದು. ತಪ್ಪಿದಲ್ಲಿ ಜಾಗವು ವೇಟಿಂಗ್ ಲಿಸ್ಟಿನಲ್ಲಿರುವ ಮುಂದಿನ ಸದಸ್ಯರಿಗೆ. ಕೆಳಗೆ ಸಹಿ, ಚೇರ್‌ಮನ್. ಥ್ರೆಡ್ಡಿನ ಕೊನೆಯ ಉಸಿರು ತೆಗೆದ ಕೈಯಿಂದಲೇ ಸಹಿ. ಅಕ್ಷರ ಮಾತ್ರ ಮುತ್ತಿನ ಹಾಗಿತ್ತು.

ಭಾವ ನನಗೆ ಫೋನ್ ಮಾಡಿದರು. ಕಾರಿನೊಳಗಿಂದಲೇ ಮಾಡಿದ್ದು, ಫ್ಯಾನಿನ ಸದ್ದು ಕೇಳುತ್ತಿತ್ತು.

"ಕಾರು ಹೋದ್ರೆ ಹೋಗ್ಲಿ ಮಾರಾಯ. ನಾನು ಹಗಲಿಡೀ ಎಲ್ಲಿ ಕೂತುಕೊಳ್ಳುವುದು ಹೇಳು. ಸ್ಟೇಷನ್ನಿನ ಬೆಂಚಲ್ಲಿಯಾ?"

ಸ್ಟೇಷನ್ನಿನ ಬೆಂಚಿನಲ್ಲೂ ಆಗಲೇ ಭಾವನಂಥವರು ಕೂತಿರುತ್ತಾರೆ, ಅಲ್ಲೂ ವೇಟಿಂಗ್ ಲಿಸ್ಟು.

ನಾನು ಹೋಗುವುದರೊಳಗೆ ವೈದ್ಯರು ಸೇರಿಬಿಟ್ಟಿದ್ದರು. ಭಾವ ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿ ಬೋಲ್ಟು ತುರುಕಿದ್ದರು, ಆಯಿಲ್ ಬಿಸಿಯಾದೊಡನೆ ಟೇಪು ಸೇಮಿಗೆಯ ಹಾಗೆ ಹೊರಗೆ ಬಂದಿತ್ತು. ಸೊಸೈಟಿಯ ಪ್ಲಂಬರ್ ಸೆಣಬಿನ ನಾರು ಸುತ್ತಿ ಬಣ್ಣ ಬಳಿದು, ಇದು ನೀರಿನ ಟಾಕಿಯ ಪೈಪಿಗೆ ಹತ್ತು ವರ್ಷ ಬರುತ್ತದೆ ಎಂದು ಆಣೆ ಹಾಕಿದ್ದ. ಟಾಕಿಯ ಪೈಪು ಒಂದು ಜಾಗದಲ್ಲಿ ಸುಮ್ಮನೆ ಇರುತ್ತದೆ, ಇಂಜಿನ್ ನಡುಗುತ್ತದೆ ಎಂಬ ವ್ಯತ್ಯಾಸ ಅವನಿಗೆ ಆಮೇಲೆ ಹೊಳೆಯಿತು. ಇನ್ನೊಬ್ಬರು ಎರಡು ಬಣ್ಣದ ಅಂಟು ಕಲಸಿ ಮೆತ್ತಲು ಹೇಳಿದರು. ಮೆತ್ತಿಯೂ ಆಯಿತು. ಎಣ್ಣೆ ಹಿಡಿದ ಲೋಹಕ್ಕೆ ಯಾವ ಅಂಟೂ ಮರ್ಯಾದೆ ಕೊಡುವುದಿಲ್ಲ.

ಖಾರಘರ್‌ನಿಂದ ಅಕ್ಕನ ಅಳಿಯನೂ ಬಂದಿದ್ದ. ಮೈಸೂರಿನ ಹುಡುಗ, ನವಿ ಮುಂಬೈಯಲ್ಲಿ ದೊಡ್ಡ ಕಂಪನಿಯ ಹಣಕಾಸು ನೋಡುತ್ತಾನೆ. ಕಾರಿನಡಿ ಬಗ್ಗದೆಯೇ ಫೋನಿನಲ್ಲಿ ವಿಡಿಯೊ ತೋರಿಸಿದ.

"ತುಂಬಾ ಸಿಂಪಲ್ಲು ಮಾವ. ಸ್ವಲ್ಪ ದಪ್ಪದ ಬೋಲ್ಟು ತಗೊಂಡು ಜೋರಾಗಿ ತಿರುಗಿಸಿದ್ರೆ ಅದೇ ಹೊಸ ಥ್ರೆಡ್ ಮಾಡ್ಕೊಂಡು ಹೋಗತ್ತೆ. ನೋಡಿ, ಇವನು ಐದೇ ನಿಮಿಷದಲ್ಲಿ ಮಾಡ್ದ."

"ಅವನ ಇಂಜಿನ್ ಮುಂದಿನ ವರ್ಷ ಹೇಗಿತ್ತು ಅಂತ ವಿಡಿಯೊ ಉಂಟಾ?" ಎಂದು ಕೇಳಿದೆ.

ಅವನು ಹುಡುಕುತ್ತೇನೆ ಎಂದ. ಇನ್ನೂ ಹುಡುಕುತ್ತಿದ್ದಾನೆ.

ಥ್ರೆಡ್ ಹೋದ ತೂತಿಗೆ ಸರಿಯಾದ ದಾರಿ ಒಂದೇ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್ ಎಂಬ ಉಕ್ಕಿನ ಕಡ್ಡಿಯಿಂದ ಹೊಸ ಥ್ರೆಡ್ ಕೊರೆದು, ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಸಣ್ಣ ಬಳೆಯೊಂದನ್ನು, ಅಂದರೆ ಬುಶ್ಶನ್ನು, ಅದರೊಳಗೆ ಶಾಶ್ವತವಾಗಿ ಕೂರಿಸುವುದು. ಮೂಲ ಬೋಲ್ಟು ಆ ಬುಶ್ಶಿನೊಳಗೆ ಕೂರುತ್ತದೆ. ಟ್ಯಾಪ್ ಓರೆಯಾದರೆ, ಕೇಸು ಬಿರುಕು ಬಿಟ್ಟರೆ, ಕತೆ ಮುಗಿಯಿತು. ಅಂಥ ಕೇಸು ಈಗ ಹುಡುಕಿದರೂ ಸಿಗುವುದಿಲ್ಲ. ಅಂದಮೇಲೆ ಕಾರು ಭಂಗಾರ್, ಭಾವ ಬೆಂಚಿಗೆ.

ಇನ್ನೊಂದು ತೊಡಕು. ಇದು ಲೋಹ ಕಡೆಯುವ ಲೇಥ್ ಅಂಗಡಿಯವನ ಕೆಲಸ, ಅಲ್ಲಿಗೆ ಸಾಗಿಸಬೇಕೆಂದರೆ ಕಾರನ್ನು ಎಳೆಸಬೇಕು. ಎಳೆಸಿದರೆ ಸ್ವಂತ ಬಲದಿಂದ ಹೋಗಲಿಲ್ಲ ಎಂದು ಚೇರ್‌ಮನ್ ಬಾಲ್ಕನಿಯಿಂದಲೇ ಸಹಿ ಹಾಕುತ್ತಾರೆ. ಇಂಜಿನ್ ಇಳಿಸಿ ಒಯ್ದರೂ ಅದೇ. ಅಂದರೆ ಲೇಥಿನವನೇ ಪಾರ್ಕಿಂಗಿಗೆ ಬರಬೇಕು.

ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ ಒಬ್ಬ ಲೇಥ್ ಅಂಗಡಿಯವನಿದ್ದಾನೆ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಕೆಲಸ ಮಾಡುವಾಗಲೂ ಫೋನನ್ನು ಸ್ಪೀಕರಿನಲ್ಲಿಟ್ಟು ಯಾರನ್ನೋ ಬೈಯುತ್ತಿರುತ್ತಾನೆ. ಅವನ ಕೈ ಒಳ್ಳೆಯದು. ಆದರೆ ಅದನ್ನು ಅವನಿಗೆ ಎಂದೂ ಹೇಳಬಾರದು. ಕೊಳ್ಳುವವನ ಬಾಯಿಂದ ಹೊಗಳಿಕೆ ಬಂದೊಡನೆ ಮಾರುವವನ ಬೆನ್ನು ನೆಟ್ಟಗಾಗುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ.

ನಾನು ಆ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಹಳೆಯ ಸಾಮಾನು ರಿಪೇರಿಗೆ ಹೊರಟವರು ಮುರಿದ ತುಂಡನ್ನು ಜೊತೆಗೇ ಒಯ್ಯಬೇಕು. ಬಾಯಲ್ಲಿ ವಿವರಿಸಿದರೆ ಅವರು ತಮ್ಮಲ್ಲಿ ಇರುವುದನ್ನೇ ಕೊಡುತ್ತಾರೆ.

ಬೋಲ್ಟನ್ನು ಅವನ ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟೆ. "ಅಂಬರನಾಥದವರು ಆಗಲ್ಲ ಅಂದ್ರು. ವಿಠ್ಠಲವಾಡಿಯಲ್ಲಂತೂ ಯಾರಿಂದಲೂ ಆಗಲ್ಲ ಅಂದ್ರು. ಸುಮ್ಮನೆ ತೋರಿಸಿ ಹೋಗೋಣ ಅಂತ ಬಂದೆ," ಎಂದು ಹಿಂದಿಯಲ್ಲಿ ಹೇಳಿದೆ.

ಅವನು ಫೋನ್ ಕಟ್ ಮಾಡಿದ. ಇದು ದೊಡ್ಡ ಗೆಲುವು.

"ಕೌನ್ ಬೋಲಾ? ಅಂಬರನಾಥ್ ವಾಲಾ? ಉಸ್ಕೋ ಡ್ರಿಲ್ ಪಕಡ್ನಾ ಮೈನೇ ಸಿಖಾಯಾ!" ಡ್ರಿಲ್ ಹಿಡಿಯುವುದನ್ನು ಅವರಿಗೆ ಕಲಿಸಿದ್ದೇ ತಾನು ಎಂದು ಎದ್ದು ನಿಂತ. "ಇಂಜಿನ್ ಲೇಕೆ ಆವೋ."

"ಇಂಜಿನ್ ಬರಲ್ಲ. ನೀವು ಬರಬೇಕು."

"ಡಾಕ್ಟರ್ ಪೇಶಂಟ್ ಕೇ ಘರ್ ಜಾತಾ ಹೈ ಕ್ಯಾ?"

"ಚಿಕ್ಕ ಡಾಕ್ಟರ್ ಹೋಗಲ್ಲ, ನಿಜ," ಎಂದು ಬೋಲ್ಟನ್ನು ಎತ್ತಿ ಮತ್ತೆ ಜೇಬಿಗೆ ಹಾಕಿ ಹೊರಟೆ. ಚೌಕಾಸಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ನಿಮ್ಮ ಬೆನ್ನು. ಅದನ್ನು ಸರಿಯಾದ ಹೊತ್ತಿಗೆ ತೋರಿಸಬೇಕು, ಆದರೆ ನಿಧಾನಕ್ಕೆ ನಡೆಯಬೇಕು.

ಎರಡು ಅಂಗಡಿ ದಾಟುವುದರೊಳಗೆ ಕೂಗು ಬಂತು. "ಓ ಅಣ್ಣಾ! ಖಾನಾ ಕ್ಯಾ ಖಿಲಾಯೇಗಾ?"

ಊಟದ ವಿಷಯಕ್ಕೆ ಬಂದನೆಂದರೆ ಬೇಟೆ ಮನೆಗೆ ಬಂದ ಹಾಗೆ. ಅವನು ಎಲ್ಲೋ ಒಮ್ಮೆ ಕೋರಿ ರೊಟ್ಟಿ ತಿಂದಿದ್ದನಂತೆ, ಆ ಕೋಳಿಸಾರು ಇನ್ನೂ ನಾಲಗೆಯ ಮೇಲಿದೆಯಂತೆ. ಆಯಿತು, ಅಕ್ಕನ ಕೈಯ ಕೋರಿ ರೊಟ್ಟಿ. ಆದರೆ ಕೆಲಸ ಮುಗಿದ ಮೇಲೆ. ಮೊದಲೇ ಬಡಿಸಿದರೆ ಕೆಲಸದವನು ಮಲಗುತ್ತಾನೆ, ಕೇಟರಿಂಗಿನವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ಗೊಣಗಿದ. ಇನ್ನೊಂದು ಷರತ್ತನ್ನೂ ಹಾಕಿದೆ: ಬುಶ್ಶನ್ನು ಈ ಬೋಲ್ಟಿಗೇ ಅಳತೆ ಮಾಡಿ ನನ್ನ ಕಣ್ಣೆದುರೇ ಕಡೆಯಬೇಕು. ಡಬ್ಬದಲ್ಲಿ ಬಿದ್ದದ್ದನ್ನು ಎತ್ತಿ ತರಬಾರದು. "ದುನಿಯಾ ಮೇ ಸಬ್ ಚೂಡಿ ಏಕ್ ಹೀ ಹೈ," ಥ್ರೆಡ್ಡುಗಳೆಲ್ಲ ಒಂದೇ ಎಂದು ಅವನು ವೇದಾಂತ ಹೇಳಿದ. ಡಬ್ಬದಿಂದ ತನ್ನ ಒಂದು ಬುಶ್ ತೆಗೆದು ಬೋಲ್ಟಿಗೆ ಹಾಕಿಯೂ ನೋಡಿದ. ಒಂದು ಸುತ್ತಿಗೇ ಕಚ್ಚಿಕೊಂಡಿತು. ಏನೂ ಆಗಲಿಲ್ಲವೆಂಬಂತೆ ಲೇಥಿನ ಕಡೆ ತಿರುಗಿದ.

ದೀಪಾವಳಿಗೆ ಮೊದಲಿನ ಭಾನುವಾರ ಬಂದ. ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ದಪ್ಪ ಮರದ ತುಂಡುಗಳನ್ನು ಕೊಟ್ಟೆವು. ನೋಡಲು ಜನ ಸೇರಿತು. ನಮ್ಮವರಿಗೆ ಸಾವಿನ ಮನೆಯಾದರೂ ಆದೀತು, ರಿಪೇರಿಯಾದರೂ ಆದೀತು, ಸುತ್ತ ನಿಂತು ಸೂಚನೆ ಕೊಡುವುದು ಮುಖ್ಯ. ಖಾರಘರ್ ಅಳಿಯ ವಿಡಿಯೊ ಹಿಡಿದು ಮೊಣಕಾಲೂರಿದ್ದ.

"ಮಾವ, ಇದ್ರಲ್ಲಿ ಬುಶ್ಶನ್ನ ಫ್ರೀಜರಿನಲ್ಲಿ ಇಟ್ಟು ಆಮೇಲೆ ಹಾಕ್ತಾರೆ. ತಣ್ಣಗಾದ್ರೆ ಕುಗ್ಗತ್ತೆ ಅಂತೆ."

ಲೇಥಿನವನು ಗಹಗಹಿಸಿ ನಕ್ಕ. ಥ್ರೆಡ್ ಇರುವ ಬುಶ್ಶಿಗೆ ಅದರ ಅಗತ್ಯವೇ ಇಲ್ಲ. ಆದರೆ ಸುತ್ತಲಿನವರು ಅಳಿಯನ ಕಡೆಗೆ ತಲೆಯಾಡಿಸಿದ್ದನ್ನು ಕಂಡು, ಇದನ್ನೇ ಹೇಳಬೇಕೆಂದಿದ್ದೆ ಎಂದುಬಿಟ್ಟ. ಬುಶ್ ಮೇಲೆ ಹೋಗಿ ಅಕ್ಕನ ಫ್ರೀಜರಿನಲ್ಲಿ ಬಂಗುಡೆ ಮೀನುಗಳ ನಡುವೆ ಕೂತಿತು. ಸೊಸೆ ಐಸ್ ತೆಗೆಯಲು ಹೋಗಿ ಅದನ್ನು ಕಂಡು, ಭಾನುವಾರವೂ ಬಿಡದ ಮೀಟಿಂಗಿನ ನಡುವೆಯೇ "ಅತ್ತೇ, ಮೀನಿನ ಹೊಟ್ಟೆಯಲ್ಲಿ ನಟ್ಟು!" ಎಂದು ಕಿರುಚಿದಳಂತೆ. ಆ ದಿನ ಸಿಂಗಪುರಕ್ಕೆ ಕೇಳಿಸಿದ್ದು ಭಾವನ ಕೆಮ್ಮಲ್ಲ.

ತೂತು ದೊಡ್ಡದು ಮಾಡುವ ಹೊತ್ತು ಬಂದಾಗ ನನಗೂ ಲೇಥಿನವನಿಗೂ ಹತ್ತಿಕೊಂಡಿತು. ಅವನು ಕಣ್ಣಂದಾಜಿನಲ್ಲಿ ಹೊಡೆಯುತ್ತೇನೆಂದ. ನೇರ ತೂತಿರುವ ಕಬ್ಬಿಣದ ತುಂಡೊಂದನ್ನು ಅಂಗಡಿಯಿಂದ ನಾನೇ ಎತ್ತಿಸಿಕೊಂಡು ಬಂದಿದ್ದೆ. ಅದನ್ನು ಕೇಸಿಗೆ ಒತ್ತಿ ಹಿಡಿದು, ಅದರ ಮೂಲಕವೇ ಡ್ರಿಲ್ ಹಾಯಿಸು ಎಂದೆ.

"ಮೇರೇ ಹಾಥ್ ಪೇ ಭರೋಸಾ ನಹೀಂ?"

"ಕೈ ಮೇಲೆ ನಂಬಿಕೆ ಉಂಟು. ಕೋರಿ ರೊಟ್ಟಿಯ ವಾಸನೆ ಬರ್ತಾ ಉಂಟಲ್ಲ, ಅದರ ಮೇಲೆ ಇಲ್ಲ," ಎಂದೆ. ನಿಜಕ್ಕೂ ಮೂರನೆಯ ಮಹಡಿಯಿಂದ ಮಸಾಲೆಯ ಘಮ ಇಳಿಯುತ್ತಿತ್ತು.

ತುಂಡಿಟ್ಟುಕೊಂಡೇ ಕೊರೆದ. ಆಮೇಲೆ ಟ್ಯಾಪ್. ಅದಕ್ಕೆ ದಪ್ಪಗೆ ಗ್ರೀಸ್ ಮೆತ್ತಿದ, ಕೊರೆದ ಪುಡಿ ಇಂಜಿನ್ನಿನ ಒಳಗೆ ಹೋಗದೆ ಗ್ರೀಸಿಗೆ ಅಂಟಿಕೊಳ್ಳಲಿ ಎಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಅವನ ಬಾಯಿ ಮುಚ್ಚಿತ್ತು. ನಾನು ಕಂಡ ಹಾಗೆ ಅವನು ಮಾತಿಲ್ಲದೆ ಇದ್ದದ್ದು ಅದೊಂದೇ ಸಲ. ನಡುವೆ ಕಿರ್ರೆಂದು ಒಂದು ಸದ್ದು ಬಂದಾಗ ಎಲ್ಲರೂ ಒಟ್ಟಿಗೆ ಹಿಂದೆ ಸರಿದರು, ಲೋಹಕ್ಕೆ ಅಂಟುರೋಗ ಬಂದ ಹಾಗೆ.

ಭಾವನನ್ನು ಹುಡುಕಿದೆ. ಮೆಟ್ಟಿಲ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ತೊಡೆಯ ಮೇಲೆ ಕಾರಿನಿಂದ ತೆಗೆದಿಟ್ಟ ದಿಂಬು.

"ಒಡೆಯಿತಾ?"

"ಇಲ್ಲ ಭಾವ."

"ಒಡೆದ್ರೆ ಹೇಳ್ಬೇಡ. ಊಟ ಆದ ಮೇಲೆ ಹೇಳು."

ಒಡೆಯಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆರಳಿಗೆ ಎಣ್ಣೆಯ ಜಿಡ್ಡೇ ಸಿಗದ ಹಾಗೆ ಒಣಗಿಸಿ, ಥ್ರೆಡ್ ಹಿಡಿಯುವ ಅಂಟು ಹಚ್ಚಿ ಮೀನಿನ ವಾಸನೆಯ ಬುಶ್ಶನ್ನು ಕೂರಿಸಿದೆವು. ಅಂಟು ಒಣಗಲು ಒಂದು ದಿನ ಬಿಟ್ಟು, ಹೊಸ ತಾಮ್ರದ ವಾಶರ್ ಹಾಕಿ ಬೋಲ್ಟು ಬಿಗಿದೆ. ವಾಶರ್ ಮುಟ್ಟಿದ ಮೇಲೆ ಸ್ವಲ್ಪವೇ ಸ್ವಲ್ಪ, ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟು. ಯಾರೋ ಒಬ್ಬರು "ನಾನೂ ಒಂದು ಕೈ..." ಎಂದು ಬಗ್ಗಿದರು. ಅಕ್ಕ ಸ್ಪ್ಯಾನರ್ ಕಸಿದುಕೊಂಡು ಹೋಗಿ ಅಕ್ಕಿಯ ಡ್ರಮ್ಮಿನೊಳಗೆ ಹೂತಿಟ್ಟಳು. ಆಯಿಲ್ ತುಂಬಿ ಕೆಳಗೆ ರಟ್ಟು ಹಾಸಿದೆವು. ಮರುದಿನ ರಟ್ಟು ಒಣಗಿಯೇ ಇತ್ತು. ಭಾವ ಅದನ್ನು ಎತ್ತಿ ಮೂಸಿಯೂ ನೋಡಿದರು.

ಪರೀಕ್ಷೆಯ ಭಾನುವಾರ ಕಮಿಟಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೇಟಿನ ಬಳಿ ಕೂತಿದ್ದರು. ಭಾವ ಇಸ್ತ್ರಿ ಅಂಗಿ ಹಾಕಿ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ನಾನು. ಕಾರು ಹೊಗೆ ಬಿಟ್ಟು, ಸದ್ದು ಮಾಡಿ, ಗೇಟು ದಾಟಿತು. ವಡಾಪಾವ್ ಗಾಡಿ, ದವಾಖಾನೆ, ತರಕಾರಿಯವರು, ಎಲ್ಲ ದಾಟಿ ರಸ್ತೆಗಳು ಕೂಡುವ ನಾಕಾದಲ್ಲಿ ತಿರುಗಿದೆವು. ರಿಕ್ಷಾದವರು ದಾರಿ ಬಿಟ್ಟರು. ಡೊಂಬಿವಲಿಯಲ್ಲಿ ರಿಕ್ಷಾದವರು ದಾರಿ ಬಿಟ್ಟರೆಂದರೆ ನಂಬಬೇಕು, ಅಂಥ ಕಾರು ಅದು. ಭಾವನ ಮುಖದಲ್ಲಿ ಬೆವರು, ಆದರೆ ನಗುತ್ತಿದ್ದರು.

"ಇನ್ನು ಯಾರು ಎಂತ ಹೇಳ್ತಾರೆ ನೋಡುವ," ಎಂದರು.

ವಾಪಸ್ಸು ಗೇಟಿಗೆ ಬಂದೆವು. ನೋಡಿದರೆ ಮೂಲೆಯ ಜಾಗದಲ್ಲಿ ಹೊಳೆಯುವ ಕೆಂಪು ಕಾರೊಂದು ನಿಂತಿದೆ.

ವೇಟಿಂಗ್ ಲಿಸ್ಟಿನ ಮೊದಲ ಹೆಸರಿನವರದು. ನಮ್ಮ ಕಾರು ಮುದುಕ ಅಲ್ಲವೇ, ಹೋದದ್ದು ಬರಲಿಕ್ಕಿಲ್ಲ ಎಂದು ಧೈರ್ಯ ಮಾಡಿ, ತಂದು ನಿಲ್ಲಿಸಿ, ಬೀಗ ಹಾಕಿ, ಮನೆಮಂದಿಯೊಡನೆ ಠಾಣೆ ಪಟ್ಟಣದ ಮದುವೆಯೊಂದಕ್ಕೆ ಹೋಗಿದ್ದರು. ಕಾರಿದ್ದವರು ಕಾರಿನಲ್ಲಿ ಹೋಗಬೇಕಲ್ಲ? ಇಲ್ಲ. ಕಾರು ತೆಗೆದರೆ ಜಾಗ ಹೋಗುತ್ತದೆ. ಅದಕ್ಕೆ ಲೋಕಲ್ ಟ್ರೈನಿನಲ್ಲಿ ಹೋಗಿದ್ದರು.

"ಏನು ಮಾಡೋದು, ಜಾಗ ಖಾಲಿ ಕಾಣಿಸಿತು ಅವರಿಗೆ. ಹೊರಗೆ ರೋಡಿನಲ್ಲಿ ನಿಲ್ಲಿಸಿ ಅಣ್ಣಾ, ಸೋಮವಾರ ಮೀಟಿಂಗಿನಲ್ಲಿ ಚರ್ಚೆ ಮಾಡೋಣ," ಎಂದು ಚೇರ್‌ಮನ್ ಮರಾಠಿಯಲ್ಲಿ ಸಮಾಧಾನ ಹೇಳಿದರು.

ನಾನು ವಾದಕ್ಕೆ ಬಾಯಿ ತೆರೆದೆ. ಇಂಥ ಕಡೆ ಮಾತಾಡುವುದು ನನ್ನ ಕಸುಬು. ಆದರೆ ಭಾವ ನನ್ನ ಮಂಡಿಯ ಮೇಲೆ ಕೈಯಿಟ್ಟು ತಡೆದರು. ಕಾರನ್ನು ಇನ್ನೊಂದಿಷ್ಟು ಮುಂದೆ ತಂದು, ಗೇಟಿನ ಸರಿ ಮಧ್ಯಕ್ಕೆ ಅಡ್ಡಲಾಗಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿದರು. ಇಳಿದು ಹಿಂದಿನ ಸೀಟಿಗೆ ಹೋಗಿ ಕೂತರು. ದಿಂಬನ್ನು ಬೆನ್ನಿಗೆ ಕೊಟ್ಟರು. ಪೇಪರ್ ಬಿಡಿಸಿದರು.

ಒಳಗಿನ ಗಾಡಿ ಹೊರಗೆ ಹೋಗುವ ಹಾಗಿಲ್ಲ, ಹೊರಗಿನದು ಒಳಗೆ ಬರುವ ಹಾಗಿಲ್ಲ. ಮೊದಲು ಹಾಲಿನವನ ಬೈಕು, ಆಮೇಲೆ ಸೆಕ್ರೆಟರಿಯ ಸ್ಕೂಟರು, ಆಮೇಲೆ ಯಾರದ್ದೋ ಟ್ಯಾಕ್ಸಿ. ಹಾರ್ನುಗಳೆಲ್ಲ ಒಟ್ಟಿಗೆ ಹಾಡಿದವು. ಭಾವ ಗಾಜು ಏರಿಸಿದರು. ನಾನು ಇಳಿದು ಗೋಡೆಗೊರಗಿ ನಿಂತೆ. ಜೀವನವಿಡೀ ಚೌಕಾಸಿ ಮಾಡಿದವನು ಅಂದು ಒಂದು ಮಾತೂ ಆಡಬೇಕಾಗಲಿಲ್ಲ. ಏನೂ ಕೇಳದೆ, ಏನೂ ಹೇಳದೆ, ಅಲ್ಲಾಡದೆ ಕೂತವನ ಜೊತೆ ಚೌಕಾಸಿ ಮಾಡುವ ವಿದ್ಯೆ ಇನ್ನೂ ಹುಟ್ಟಿಲ್ಲ.

ಚೇರ್‌ಮನ್ ಬಂದು ಗಾಜು ತಟ್ಟಿದರು. ಬೈದರು. ಕೈ ಮುಗಿದರು. ಮಂಡಿನೋವಿನವರು, ಬಿಸಿಲು ಏರುತ್ತಿತ್ತು. ಕೊನೆಗೆ ನಿಲ್ಲಲಾರದೆ ಭಾವನ ಪಕ್ಕದ ಬಾಗಿಲು ತೆಗೆದು ಒಳಗೆ ಕೂತೇಬಿಟ್ಟರು. ಅಲ್ಲಿಂದಲೇ ಠಾಣೆಯ ಮದುವೆಮನೆಗೆ ಫೋನ್ ಮಾಡಿ, ಊಟದ ಪಂಕ್ತಿಯಲ್ಲಿ ಕೂತಿದ್ದವರನ್ನು ಎಬ್ಬಿಸಿದರು. ಅವರು ಬರುವ ತನಕ ಅಕ್ಕ ಮೇಲಿನಿಂದ ಚಹಾ ಕಳಿಸಿದಳು. ಚಕ್ಕುಲಿಯ ಡಬ್ಬ ತೆರೆಯಿತು. ಗಾಜಿನೊಳಗೆ ಇಬ್ಬರೂ ಪೇಪರನ್ನು ಅರ್ಧರ್ಧ ಹಂಚಿಕೊಂಡು ಓದುತ್ತಿದ್ದುದು ಹೊರಗಿನಿಂದ ಕಾಣುತ್ತಿತ್ತು. ಫ್ಯಾನು ಚೇರ್‌ಮನ್ನರ ಕಡೆಗೂ ತಿರುಗಿತ್ತು.

ಸಂಜೆಯ ಹೊತ್ತಿಗೆ ಕೆಂಪು ಕಾರಿನವರು ರೇಷ್ಮೆ ಕುರ್ತಾದಲ್ಲಿ ಬೆವರುತ್ತ ಓಡಿಬಂದು ಜಾಗ ಬಿಟ್ಟರು. ಭಾವ ಮುಂದಿನ ಸೀಟಿಗೆ ಬಂದು, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿ, ಮೂಲೆಗೆ ಕೊಂಡುಹೋದರು. ಚೇರ್‌ಮನ್ ಇಳಿಯಲಿಲ್ಲ. ಮೂಲೆಯವರೆಗೂ ಹಿಂದಿನ ಸೀಟಿನಲ್ಲೇ ಹೋದರು, ಸವಾರಿಯ ದೇವರ ಹಾಗೆ.

ಮರುದಿನ ಅವರು ಮತ್ತೆ ಬಂದರು. ತಮ್ಮದೇ ಪೇಪರು, ತಮ್ಮದೇ ದಿಂಬು. ಅವರ ಮನೆಗೆ ಮಗನ ಅತ್ತೆ ಮಾವ ಬಂದಿದ್ದಾರಂತೆ, ಹಾಲ್‌ನಲ್ಲಿ ಹಗಲಿಡೀ ಟಿವಿಯಂತೆ. ಅದರ ಮರುದಿನವೂ ಬಂದರು. ಈಗ ಬೋರ್ಡಿನಲ್ಲಿ ಹಳೆಯ ವಾಹನಗಳ ನೋಟಿಸು ಇಲ್ಲ, ಯಾರು ಹರಿದರೋ ಗೊತ್ತಿಲ್ಲ.

ನಾನು ಭಾವನಿಗೆ ಹೇಳಿದೆ. "ಇವತ್ತು ಪಕ್ಕದಲ್ಲಿ ಕೂರುತ್ತಾರೆ. ನಾಳೆ ಕಾಲು ಚಾಚುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿಕೊಳ್ಳಿ. ವಿಠ್ಠಲವಾಡಿಯವನಿಗೆ ಹೇಳಿ ನಾನೇ ಮಾಡಿಸಿಕೊಡ್ತೇನೆ."

"ಇರ್ಲಿ ಮಾರಾಯ," ಎಂದರು ಭಾವ, ಚೇರ್‌ಮನ್ನರಿಗೆ ಕೇಳಿಸದ ಹಾಗೆ ತುಳುವಿಗೆ ಇಳಿದು. "ಪಾಪ, ಗೊರಕೆ ಹೊಡೀತಾರೆ, ಅಷ್ಟೇ. ಅವರಿಗೆ ಮನೆಯಲ್ಲಿ ಅದಕ್ಕೂ ಬಿಡುವುದಿಲ್ಲವಂತೆ."